ಅಲಮಾರಿಯೊಳಗಿನ ರೂಟರ್



ಈ ಸಲದ ಗೋಡೆ ಪತ್ರಿಕೆಗೆ ವಿಜ್ಞಾನದ ಬಗ್ಗೆ ಬರೆಯಿರಿ, ಆದರೆ ಪುಸ್ತಕ ನೋಡಿ ಇಳಿಸಬೇಡಿ, ಕಣ್ಣಾರೆ ಕಂಡದ್ದನ್ನೇ ಬರೆಯಿರಿ ಎಂದು ನಮ್ಮ ಸರ್ ಹೇಳಿದರು. ನಾನು ಕಣ್ಣಾರೆ ಕಂಡದ್ದು ರೂಟರ್. ನೀವೆಲ್ಲ ಅದಕ್ಕೆ ‘ವೈಫೈ ಡಬ್ಬಿ’ ಅಂತೀರಿ. ಹೋದ ವರ್ಷ ಅಂಥದ್ದೊಂದು ಡಬ್ಬಿ ಸುಟ್ಟುಹೋಗಿ ನಮ್ಮ ಅಕ್ಕನಿಗೆ ಹಾಸ್ಟೆಲ್ ತಪ್ಪಿತು. ಖರೆ ಹೇಳಬೇಕೆಂದರೆ ಅಂದು ನಮ್ಮ ಹತ್ತಿರ ಇನ್ನೊಂದು ಡಬ್ಬಿ ಇತ್ತು. ಇದ್ದೂ ಇಲ್ಲದಂಗಾಯಿತು. ಅದು ಹೇಗೆ, ಆಮೇಲೆ ನಾವೇನು ಮಾಡಿದೆವು ಎಂಬುದನ್ನು ನನಗೆ ತಿಳಿದಷ್ಟು ಬರೆದಿದ್ದೇನೆ.

ನಮ್ಮ ಕಾಕಾನ ಆನ್‌ಲೈನ್ ಸೆಂಟರ್ ನಿಮಗೆಲ್ಲ ಗೊತ್ತು. ಮೂರು ಕಂಪ್ಯೂಟರ್, ಒಂದು ಪ್ರಿಂಟರ್. ಪಹಣಿ ತೆಗೆಸುವವರು, ಬೆಳೆ ವಿಮೆ ತುಂಬುವವರು, ಜಾತಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವವರು, ಎಸ್ಸೆಸ್ಸೆಲ್ಸಿ ರಿಜಲ್ಟ್ ನೋಡುವವರು ಎಲ್ಲರೂ ಅಲ್ಲಿಗೇ ಬರುತ್ತಾರೆ. ಆ ಕಂಪ್ಯೂಟರ್‌ಗಳು ಮತ್ತು ಪ್ರಿಂಟರ್ ವೈರಿನಿಂದ ಒಂದಕ್ಕೊಂದು ಕೂಡಿಕೊಂಡಿವೆ. ಇದನ್ನು ಲೋಕಲ್ ನೆಟ್‌ವರ್ಕ್ ಎನ್ನುತ್ತಾರೆ. ಇದು ನಮ್ಮೂರ ಓಣಿ ಇದ್ದಂತೆ. ಓಣಿಯೊಳಗೆ ಹ್ಯಾಂಗ ಬೇಕಾದರೂ ಅಡ್ಡಾಡಬಹುದು, ಊರ ಹೊರಗೆ ಹೋಗಬೇಕಾದರೆ ಮಾತ್ರ ಅಗಸಿ ದಾಟಬೇಕು. ಆ ಅಗಸಿಯೇ ರೂಟರ್. ಅಗಸಿ ಬಂದ್ ಆದರೆ ಕಾಕಾನ ಪ್ರಿಂಟರ್ ನಡೆಯುತ್ತದೆ, ಪಹಣಿ ಬರುವುದಿಲ್ಲ.

ಕಾಕಾ ಜಾಣ. ಒಂದು ರೂಟರ್ ಗೋಡೆಗೆ ಹಾಕಿ, ಇನ್ನೊಂದು ಹೊಸದನ್ನು ತಂದು ಪ್ಲಾಸ್ಟಿಕ್ ಸಮೇತ ಅಲಮಾರಿಯಲ್ಲಿ ಇಟ್ಟಿದ್ದ. ಬಂದವರಿಗೆಲ್ಲ ತೋರಿಸಿ, “ಗಾಡಿಗಿ ಸ್ಟೆಪ್ನಿ ಇದ್ದಂಗ ನಂದೂ ಸ್ಟೆಪ್ನಿ ಅದ ನೋಡ್ರಿ” ಅಂತಿದ್ದ.

ಹೋದ ವರ್ಷ ಮಳೆಗಾಲದಲ್ಲಿ ಅಕ್ಕನ ಹಾಸ್ಟೆಲ್ ಅರ್ಜಿಗೆ ಕೊನೆಯ ದಿನ. ಒಂದು ಪ್ರಮಾಣಪತ್ರ ಅಂದೇ ಕೈಗೆ ಬಂದದ್ದರಿಂದ ಅಕ್ಕ ರಾತ್ರಿ ಎಂಟಕ್ಕೆ ಸೆಂಟರಿಗೆ ಹೋದಳು. ಹನ್ನೆರಡರವರೆಗೆ ಸಮಯ ಇತ್ತು. ನಾನೂ ಜೊತೆಗೆ ಹೋಗಿದ್ದೆ. ಫಾರ್ಮ್ ಅರ್ಧ ತುಂಬಿತ್ತು. ಆಗ ಸಿಡಿಲು ಹೊಡೆಯಿತು. ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ವಾಪಸ್ ಬಂತು, ಕಂಪ್ಯೂಟರ್ ಚಾಲೂ ಆದವು. ಗೋಡೆಯ ರೂಟರ್‌ನಲ್ಲಿ ಮಾತ್ರ ಒಂದು ದೀಪವೂ ಹತ್ತಲಿಲ್ಲ. ಸುಟ್ಟ ವಾಸನೆ ಬರುತ್ತಿತ್ತು.

“ಏನೂ ಚಿಂತಿ ಮಾಡಬ್ಯಾಡವ್ವ” ಅಂತ ಕಾಕಾ ಅಲಮಾರಿ ತೆರೆದ. ಹೊಸ ರೂಟರ್ ಹಚ್ಚಿದ. ದೀಪ ಹತ್ತಿದವು, ನೆಟ್ ಬರಲಿಲ್ಲ. ಯಾಕೆಂದರೆ ಹೊರಗಿನ ಲೈನ್ ಶುರುವಾಗಲು ಒಂದು ಯೂಸರ್‌ನೇಮ್, ಪಾಸ್‌ವರ್ಡ್ ಬೇಕು. ಅದು ಸುಟ್ಟ ರೂಟರ್‌ನೊಳಗೆ ಇತ್ತು. ಬರೆದಿಟ್ಟ ಚೀಟಿ ಸಿಗಲಿಲ್ಲ. ಇಷ್ಟೇ ಅಲ್ಲದೆ ಹಳೆಯ ರೂಟರ್‌ನ ನಂಬರ್ 192.168.1.1, ಹೊಸದರ ನಂಬರ್ 192.168.0.1. ಕಾಕಾ ಮೂರೂ ಕಂಪ್ಯೂಟರಿನಲ್ಲಿ ಹಳೆಯ ನಂಬರನ್ನು ಕೈಯಿಂದ ತುಂಬಿದ್ದ. ಅವು ಸತ್ತ ಅಗಸಿಯ ಕಡೆಗೇ ಹೋಗಿ ನಿಲ್ಲುತ್ತಿದ್ದವು, ಹೊಸ ಅಗಸಿ ಪಕ್ಕದಲ್ಲೇ ಇದೆ ಎಂದು ಅವುಗಳಿಗೆ ಯಾರೂ ಹೇಳಿರಲಿಲ್ಲ.

ಕಾಕಾ “ಇನ್ನೈದು ನಿಮಿಷ, ಇನ್ನೈದು ನಿಮಿಷ” ಅನ್ನುತ್ತಲೇ ಹನ್ನೊಂದೂವರೆ ಆಯಿತು. ಕೊನೆಗೆ ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿದರು. ಒಳಗಿನ ಕೋಣೆಯಲ್ಲಿ ಸಿಗ್ನಲ್ ಒಂದೇ ಕಡ್ಡಿ. ದಾಖಲೆ ಅಪ್‌ಲೋಡ್ ಆಗುವಷ್ಟರಲ್ಲಿ ತಾರೀಕು ಬದಲಾಯಿತು.

ಅಕ್ಕ ಮನೆಗೆ ಬಂದು ಒದ್ದೆಯಾದ ಕಾಗದಗಳನ್ನು ಸೆರಗಿನಿಂದ ಒರೆಸಿ ಟ್ರಂಕಿನಲ್ಲಿ ಇಟ್ಟಳು. ಊಟ ಮಾಡಲಿಲ್ಲ. ಆ ವರ್ಷ ಅವಳು ಜೇವರ್ಗಿ ತಾಲ್ಲೂಕಿನ ನಮ್ಮ ಅತ್ತಿಯ ಊರಿನಲ್ಲಿ ಉಳಿದು ದಿನಾ ಬಸ್ಸಿನಲ್ಲಿ ಕಲಬುರಗಿ ಕಾಲೇಜಿಗೆ ಹೋದಳು. ಜೇವರ್ಗಿಯಿಂದ ಕಲಬುರಗಿಗೆ ಸುಮಾರು 40 ಕಿಲೋಮೀಟರ್. ಬೆಳಿಗ್ಗೆ ಐದಕ್ಕೆ ಏಳಬೇಕು, ಬಸ್ ತಪ್ಪಿದರೆ ಮೊದಲನೇ ಪಿರಿಯಡ್ ತಪ್ಪಿದಂತೆ. ಕಾಕಾ ಎಷ್ಟೋ ದಿನ ನಮ್ಮ ಮನೆಗೆ ಬರಲಿಲ್ಲ.

ದೀಪಾವಳಿಗೆ ಆಳಂದದಿಂದ ನಮ್ಮ ಮಾಮಾ ಬಂದರು. ಅವರು ಆಫೀಸು, ಅಂಗಡಿಗಳಿಗೆ ನೆಟ್‌ವರ್ಕ್ ವೈರ್ ಹಾಕುವ ಕೆಲಸ ಮಾಡುತ್ತಾರೆ. ಎಲ್ಲಾ ಕೇಳಿದ ಮೇಲೆ ಕಾಕಾನಿಗೆ, “ಬೀಗರ, ನಿಮ್ಮ ಸ್ಟೆಪ್ನಿ ಒಳಗ ಗಾಳಿನೇ ಇದ್ದಿಲ್ಲ ನೋಡ್ರಿ. ಎರಡನೇದು ಅಲಮಾರಿ ಒಳಗ ಮಲಗಿದ್ರ ಒಂದೇ ಇದ್ದಂಗ. ಎರಡೂ ಎಚ್ಚರ ಇರಬೇಕು” ಅಂದರು. ಮರುದಿನವೇ ಕೆಲಸಕ್ಕೆ ಕುಳಿತರು. ನಾನು ಸ್ಕ್ರೂಡ್ರೈವರ್ ಕೊಡುವವಳು.

ಎರಡು ರೂಟರ್ ಎಚ್ಚರ ಇದ್ದರೆ ಕಂಪ್ಯೂಟರ್ ಯಾವುದರ ಹತ್ತಿರ ಹೋಗಬೇಕು ಎಂದು ನಾನು ಕೇಳಿದೆ. ಮಾಮಾ ನನ್ನನ್ನೇ ಕೇಳಿದರು, “ರಜಾ ಚೀಟಿ ಯಾರ ಹೆಸರಿಗಿ ಬರೀತಿ?”

“ಮಾನ್ಯ ಮುಖ್ಯೋಪಾಧ್ಯಾಯರಿಗೆ ಅಂತ ಬರೀತೀನಿ.”

“ಅವರ ಹೆಸರು ಬರೀತಿಯೇನು?”

“ಇಲ್ಲ.”

“ಅವರು ಮೀಟಿಂಗಿಗಿ ಕಲಬುರಗಿಗಿ ಹೋದ್ರ ಚೀಟಿ ಬದಲು ಮಾಡ್ತಿಯೇನು?”

ಮಾಡುವುದಿಲ್ಲ. ಹಿರಿಯ ಮಾಸ್ತರರು ಪ್ರಭಾರದಲ್ಲಿ ಇರುತ್ತಾರೆ. ಅದೇ ಕುರ್ಚಿ, ಅದೇ ಮೊಹರು, ಸಹಿ ಮಾತ್ರ ಬೇರೆ. ನಮ್ಮ ಚೀಟಿ ಹೋಗುವುದು ಕುರ್ಚಿಗೆ. ರೂಟರ್‌ನಲ್ಲೂ ಹಾಗೆಯೇ ಮಾಡಿದರು. ಒಂದು ರೂಟರ್‌ಗೆ 192.168.1.2, ಇನ್ನೊಂದಕ್ಕೆ 192.168.1.3 ಎಂದು ಅವುಗಳ ಸ್ವಂತ ನಂಬರ್ ಕೊಟ್ಟರು. 192.168.1.1 ಎಂಬುದನ್ನು ಯಾರಿಗೂ ಸ್ವಂತವಾಗಿ ಕೊಡದೆ ಕುರ್ಚಿಯಾಗಿ ಇಟ್ಟರು. ಕಂಪ್ಯೂಟರ್‌ಗಳಿಗೆ ಗೊತ್ತಿರುವುದು ಆ ಕುರ್ಚಿಯ ನಂಬರ್ ಒಂದೇ. ಕುರ್ಚಿಯ ಜೊತೆಗೆ ಮೊಹರಿನಂತೆ ಒಂದು ಹಾರ್ಡ್‌ವೇರ್ ವಿಳಾಸವೂ ಇರುತ್ತದೆ. ಕುಳಿತವರಿಗೆ ಅದೂ ಸಿಗುತ್ತದೆ. ಹಾಗಾಗಿ ಕುಳಿತವರು ಬದಲಾದರೂ ಕಂಪ್ಯೂಟರಿನಲ್ಲಿ ಏನೂ ತಿದ್ದಬೇಕಾಗಿಲ್ಲ.

ಈ ಪದ್ಧತಿಯ ಹೆಸರು ವರ್ಚುವಲ್ ರೂಟರ್ ರಿಡಂಡೆನ್ಸಿ ಪ್ರೋಟೋಕಾಲ್, ಚಿಕ್ಕದಾಗಿ ವಿಆರ್‌ಆರ್‌ಪಿ. ಇಂಟರ್‌ನೆಟ್ಟಿನ ನಿಯಮ ಬರೆಯುವ ಐಇಟಿಎಫ್ ಎಂಬ ಸಂಸ್ಥೆಯವರು ಇದನ್ನು 1998ರಲ್ಲಿ ಮೊದಲು ಪ್ರಕಟಿಸಿದರು. 2010ರಲ್ಲಿ ಇದರ ಮೂರನೇ ಆವೃತ್ತಿ ಬಂತು. ಅಂದರೆ ಇದು ಹೊಸ ವಿದ್ಯೆ ಏನಲ್ಲ, ನಮ್ಮೂರಿಗೆ ತಡವಾಗಿ ಬಂತು ಅಷ್ಟೇ. ಅಂಗಡಿಯಲ್ಲಿ ಸಿಗುವ ಎಲ್ಲಾ ಅಗ್ಗದ ರೂಟರ್‌ನಲ್ಲಿ ಈ ಸೌಲಭ್ಯ ಇರುವುದಿಲ್ಲ. ಮೈಕ್ರೋಟಿಕ್ ರೂಟರ್‌ಗಳಲ್ಲಿ ಇರುತ್ತದೆ. ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ಸಾಫ್ಟ್‌ವೇರ್ ಹಾಕಲು ಬರುವ ರೂಟರ್‌ಗಳಲ್ಲಿ ಕೀಪ್‌ಅಲೈವ್‌ಡಿ ಎಂಬುದನ್ನು ಸೇರಿಸಿ ಮಾಡಬಹುದು. ಮಾಮಾ ಅಲಮಾರಿಯ ಡಬ್ಬಿಗೆ ಹೀಗೇ ಮಾಡಿದರು. ಇನ್ನೊಂದನ್ನು ಆಳಂದದಿಂದ ಹಳೆಯದು ತಂದರು.

ಸರಿ, ಒಂದು ಸತ್ತದ್ದು ಇನ್ನೊಂದಕ್ಕೆ ಹೇಗೆ ತಿಳಿಯುತ್ತದೆ? ತೊಗರಿ, ಜೋಳದ ಹೊಲಕ್ಕೆ ಹಂದಿ ಬರುವ ದಿನಗಳಲ್ಲಿ ನಮ್ಮ ಅಪ್ಪ ರಾತ್ರಿ ಕಾವಲಿಗೆ ಹೋಗುತ್ತಾರೆ. ಪಕ್ಕದ ಹೊಲದವರೂ ಬಂದಿರುತ್ತಾರೆ. ಆಗಾಗ “ಹೋ” ಅಂತ ಕೂಗುತ್ತಾರೆ. ನಾ ಎಚ್ಚರ ಇದ್ದೀನಿ ಎಂದು ಅದರ ಅರ್ಥ. ಕೂಗು ಬರುವುದು ನಿಂತರೆ ಈ ಕಡೆಯವರು ಬ್ಯಾಟರಿ ಹಿಡಿದು ಎದ್ದು ಹೋಗುತ್ತಾರೆ. ರೂಟರ್‌ಗಳದೂ ಇದೇ ರೀತಿ. ಕುರ್ಚಿಯಲ್ಲಿ ಇರುವ ರೂಟರ್ ಸೆಕೆಂಡಿಗೆ ಒಂದು ಸಲ ಕೂಗುತ್ತದೆ. ಮೂರು ಕೂಗಿನ ಹೊತ್ತು ಕಾಯ್ದು, ಮತ್ತೊಂದು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ನೋಡಿ, ಎರಡನೆಯದು ತಾನೇ ಕುರ್ಚಿಗೆ ಬರುತ್ತದೆ. ಎಲ್ಲಾ ಸೇರಿ ಸುಮಾರು ಮೂರೂವರೆ ಸೆಕೆಂಡು. ಯಾರು ಹಿರಿಯರು ಎಂದು ತಿಳಿಯಲು ಅಂಕ ಕೊಡುತ್ತಾರೆ. ನಮ್ಮಲ್ಲಿ ಒಂದನೆಯದಕ್ಕೆ 120, ಎರಡನೆಯದಕ್ಕೆ 100. ಒಂದನೆಯದು ಮತ್ತೆ ಚಾಲೂ ಆದರೆ ಕುರ್ಚಿ ಅದಕ್ಕೇ ಹೋಗುತ್ತದೆ.

ಎಲ್ಲಾ ಮುಗಿದ ಮೇಲೆ ಮಾಮಾ ನನ್ನ ಕಡೆ ನೋಡಿ, “ಒಂದನೇದರ ವೈರ್ ಕಿತ್ತವ್ವ” ಅಂದರು. ನನ್ನ ಕೈ ನಡುಗಿತು. ನಡೆಯುತ್ತಿರುವುದನ್ನು ಯಾರಾದರೂ ಬೇಕಂತಲೇ ಕೀಳುತ್ತಾರೆಯೇ! ಕಿತ್ತೆ. ಕಂಪ್ಯೂಟರ್ ಪರದೆಯ ಮೇಲೆ ಒಂದರ ಕೆಳಗೊಂದು ಬರುತ್ತಿದ್ದ ಉತ್ತರಗಳು ನಿಂತವು. ನಾನು ಉಸಿರು ಹಿಡಿದೆ. ಮತ್ತೆ ಉತ್ತರ ಬರತೊಡಗಿತು. ಕಾಕಾ ಚಪ್ಪಾಳೆ ಹೊಡೆದ. ಮಾಮಾ ಹೊಡೆಯಲಿಲ್ಲ. “ಇದು ಸುಲಭದ ಪರೀಕ್ಷೆ. ಇನ್ನು ಖರೆ ಪರೀಕ್ಷೆ ಬರ್ತಾವ” ಅಂದರು.

ಬಂದವು. ಮೊದಲನೆಯದು ಎರಡೇ ದಿನಕ್ಕೆ. ಎರಡೂ ರೂಟರ್ ಒಂದೇ ಪ್ಲಗ್ ಬೋರ್ಡಿನಲ್ಲಿ ಇದ್ದವು. ಕಸ ಗುಡಿಸುವಾಗ ಯಾರೋ ಆ ಬೋರ್ಡಿನ ಸ್ವಿಚ್ ಆರಿಸಿದರು, ಎರಡೂ ಒಮ್ಮೆಲೇ ಹೋದವು. ಈಗ ಒಂದು ಇನ್ವರ್ಟರ್ ಮೇಲೆ, ಇನ್ನೊಂದು ತನ್ನದೇ ಚಿಕ್ಕ ಬ್ಯಾಟರಿ ಮೇಲೆ ಇದೆ.

ಎರಡನೆಯದು ಸ್ವಲ್ಪ ಕಠಿಣ. ಒಂದು ದಿನ ಹೊರಗಿನ ಲೈನ್ ಸತ್ತಿತ್ತು, ರೂಟರ್ ಮಾತ್ರ ಚೆನ್ನಾಗಿತ್ತು. ಅದು ಓಣಿಯೊಳಗೆ “ನಾ ಇದ್ದೀನಿ, ನಾ ಇದ್ದೀನಿ” ಅಂತ ಕೂಗುತ್ತಲೇ ಕುರ್ಚಿ ಹಿಡಿದು ಕುಳಿತಿತ್ತು. ಅಗಸಿ ತೆರೆದಿದೆ, ಅದರ ಮುಂದಿನ ಹಾದಿ ಕೊಚ್ಚಿಹೋಗಿದೆ. ಎರಡನೇ ರೂಟರ್‌ಗೆ ಏನು ಗೊತ್ತು? ಅದು ಸುಮ್ಮನೆ ಕುಳಿತಿತ್ತು. ಮಾಮಾ ಫೋನಿನಲ್ಲೇ ಹೇಳಿ ಕಾಕಾನಿಂದ ಸರಿ ಮಾಡಿಸಿದರು. ಈಗ ಒಂದನೆಯದು ಆಗಾಗ ದೂರದ ಒಂದು ವಿಳಾಸಕ್ಕೆ ಸುದ್ದಿ ಕಳಿಸಿ ನೋಡುತ್ತದೆ. ಉತ್ತರ ಬರದಿದ್ದರೆ ತನ್ನ 120 ಅಂಕದಲ್ಲಿ 30 ತಾನೇ ಕಳೆದುಕೊಳ್ಳುತ್ತದೆ. ಆಗ ಅದರದು 90, ಎರಡನೆಯದರದು 100. ಕುರ್ಚಿ ತಾನಾಗಿ ಬದಲಾಗುತ್ತದೆ. ‘ನನ್ನಿಂದ ಆಗುತ್ತಿಲ್ಲ’ ಎಂದು ಒಪ್ಪಿಕೊಂಡು ಅಂಕ ಕಡಿಮೆ ಮಾಡಿಕೊಳ್ಳುವವರನ್ನು ನಾನು ನಮ್ಮ ತರಗತಿಯಲ್ಲಿ ಇನ್ನೂ ಕಂಡಿಲ್ಲ!

ಮೂರನೆಯದು ಜನವರಿಯಲ್ಲಿ. ನಮ್ಮ ಅಫಜಲಪುರ ಕಡೆ ಆಗ ಕಬ್ಬಿನ ಹಂಗಾಮು ಎಂದು ನಿಮಗೆ ಗೊತ್ತೇ ಇದೆ. ಕಾಕಾ ಎರಡು ರೂಟರ್‌ಗೆ ಎರಡು ಬೇರೆ ಬೇರೆ ಲೈನ್ ತೆಗೆದುಕೊಂಡಿದ್ದ. ಎತ್ತರಕ್ಕೆ ಕಬ್ಬು ಹೇರಿದ ಟ್ರ್ಯಾಕ್ಟರ್ ಒಂದು ನಮ್ಮ ಓಣಿಯಲ್ಲಿ ಹೋಗುವಾಗ ಕಂಬದ ಮೇಲಿನ ತಂತಿ ಹರಿಯಿತು. ಎರಡೂ ಲೈನ್ ಒಟ್ಟಿಗೇ ಹೋದವು. ಯಾಕೆಂದರೆ ಎರಡೂ ಒಂದೇ ಕಂಬದ ಮೇಲೆ ಬಂದಿದ್ದವು. ಬಿಲ್ ಎರಡು, ಕಂಬ ಒಂದು.

ಈ ಸುದ್ದಿಯನ್ನು ಅಕ್ಕ ಅತ್ತಿಗೆ ಹೇಳಿದಳಂತೆ. ಅತ್ತಿಯ ಊರು ಭೀಮಾ ನದಿಯ ದಂಡೆಯಲ್ಲಿದೆ. 2020ರ ಅಕ್ಟೋಬರ್‌ನಲ್ಲಿ ಭೀಮೆಗೆ ಮಹಾಪೂರ ಬಂದು ಅಫಜಲಪುರ, ಜೇವರ್ಗಿ ತಾಲ್ಲೂಕಿನ ನದಿ ದಂಡೆಯ ಹಳ್ಳಿಗಳಿಗೆ ನೀರು ಹೊಕ್ಕದ್ದು ನೆನಪಿರಬಹುದು. ಅತ್ತಿಯ ಊರಿಗೆ ಎರಡು ಹಾದಿ ಇವೆ. ಒಂದು ಮುಳುಗಿದರೆ ಇನ್ನೊಂದು ಇದೆಯಲ್ಲ ಎಂದು ಜನ ಧೈರ್ಯದಿಂದ ಇದ್ದರು. ಆದರೆ ಎರಡೂ ಹಾದಿ ಮುಂದೆ ಹೋಗಿ ಒಂದೇ ಹಳ್ಳ ದಾಟುತ್ತವೆ. ಹಳ್ಳ ತುಂಬಿತು, ಎರಡೂ ಬಂದ್. ಅತ್ತಿ ಅಕ್ಕನಿಗೆ, “ನಿಮ್ಮ ಕಾಕಾಗ ಹೇಳು, ಹಾದಿ ಎಷ್ಟವ ಅಂತ ಎಣಿಸಬ್ಯಾಡ, ಹಳ್ಳ ಎಷ್ಟವ ಅಂತ ಎಣಿಸು” ಅಂದರಂತೆ. ಅತ್ತಿ ರೂಟರ್ ನೋಡಿದವರಲ್ಲ. ಆದರೂ ಮಾಮಾ ಇದನ್ನು ಕೇಳಿ, “ನಮ್ಮ ಪೂರಾ ಕೆಲಸ ಇದೇ ಅದ” ಎಂದರು.

ಆಮೇಲೆ ಕಾಕಾ ಒಂದು ಲೈನ್ ಬಿಡಿಸಿ, ಎರಡನೇ ರೂಟರ್‌ಗೆ ಮೊಬೈಲ್ ಸಿಮ್ ಹಾಕುವ ಡಬ್ಬಿ ಕೂಡಿಸಿದ. ಅದರ ಆಂಟೆನಾ ಮಾಳಿಗೆಯ ಮೇಲೆ ಇದೆ, ಅದಕ್ಕೇ ಈಗ ಸಿಗ್ನಲ್ ಚೆನ್ನಾಗಿ ಬರುತ್ತದೆ. ಟವರ್‌ಗೂ ಹೊರಗಿನ ತಂತಿ ಬೇಕು, ಅದು ನಮ್ಮ ಕಂಬದ ಮೇಲಿಂದಲೇ ಬರುತ್ತದೆಯೋ ನೋಡು ಎಂದು ಮಾಮಾ ಹೇಳಿದ್ದರು. ನಾನೂ ಕಾಕಾನೂ ಸೈಕಲ್ ಮೇಲೆ ಹೋಗಿ ನೋಡಿಬಂದೆವು. ಅದು ಊರ ಆ ಕಡೆಯ ಬೇರೆ ರಸ್ತೆಯಿಂದ ಬರುತ್ತದೆ. ಹಳ್ಳ ಬೇರೆ!

ದೊಡ್ಡವರೂ ಇದನ್ನೇ ಯೋಚಿಸಿದ್ದಾರೆ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ತಂತಿ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಅದಕ್ಕೆ ಆಮೇಲೆ ಭಾರತ್‌ನೆಟ್ ಎಂದು ಹೆಸರಾಯಿತು. ಮೊದಲ ಹಂತದಲ್ಲಿ ತಂತಿಯನ್ನು ತಾಲ್ಲೂಕು ಕಡೆಯಿಂದ ಹಳ್ಳಿಗೆ ಒಂದೇ ದಿಕ್ಕಿನಿಂದ ಎಳೆದಿದ್ದರು. ನಡುವೆ ಎಲ್ಲಿ ಹರಿದರೂ ಅದರ ಮುಂದಿನವರಿಗೆ ಕತ್ತಲೆ. 2023ರ ಆಗಸ್ಟ್‌ನಲ್ಲಿ ಒಪ್ಪಿಗೆಯಾದ ತಿದ್ದುಪಡಿ ಯೋಜನೆಯಲ್ಲಿ ಸುಮಾರು 2.64 ಲಕ್ಷ ಗ್ರಾಮ ಪಂಚಾಯಿತಿಗಳನ್ನು ಬಳೆಯಂತೆ ಸುತ್ತುಹಾಕಿ ಜೋಡಿಸಬೇಕು ಎಂದಿದೆ. ಬಳೆಯಲ್ಲಿ ಒಂದು ಕಡೆ ಒಡೆದರೂ ಇನ್ನೊಂದು ಕಡೆಯಿಂದ ಸುತ್ತಿ ಬರಬಹುದು. ಕಾಕಾನ ಅಂಗಡಿಯಲ್ಲಿ ಮಾಡಿದ್ದನ್ನೇ ದೇಶದಷ್ಟು ದೊಡ್ಡದಾಗಿ ಮಾಡುವುದು ಎಂದು ನಾನು ತಿಳಿದುಕೊಂಡೆ.

ಇಷ್ಟಾದರೂ ಕೆಲವು ಕೊರತೆ ಇವೆ. ಲೈನ್ ಬದಲಾದಾಗ ಹೊರಗಿನವರಿಗೆ ಕಾಣುವ ನಮ್ಮ ವಿಳಾಸ ಬದಲಾಗುತ್ತದೆ. ಹಾಗಾಗಿ ಅರ್ಧ ತುಂಬಿದ ಫಾರ್ಮ್ ಕೆಲವೊಮ್ಮೆ ಮತ್ತೆ ಲಾಗಿನ್ ಕೇಳುತ್ತದೆ. ಕಂಪ್ಯೂಟರ್ ಮತ್ತು ರೂಟರ್‌ಗಳನ್ನು ಕೂಡಿಸುವ ನಡುವಿನ ಸ್ವಿಚ್ ಡಬ್ಬಿ ಇನ್ನೂ ಒಂದೇ ಇದೆ. ಅದರ ಜೋಡಿಯನ್ನು ಕಾಕಾ ಅಲಮಾರಿಯಲ್ಲಿ ಇಟ್ಟಿದ್ದಾನೆ. ಮತ್ತೆ ಅಲಮಾರಿಯೇ ಎಂದು ನಗಬೇಡಿ. ಆ ಸಾದಾ ಸ್ವಿಚ್‌ಗೆ ಒಳಗೆ ಏನೂ ತುಂಬುವುದಿರುವುದಿಲ್ಲ. ವೈರ್ ಕಿತ್ತು ಹಚ್ಚಿದರೆ ಎರಡು ನಿಮಿಷದ ಕೆಲಸ. ಎಲ್ಲದಕ್ಕೂ ಜೋಡಿ ಮಾಡಲು ರೊಕ್ಕ ಎಲ್ಲಿಂದ ತರುವುದು? ಯಾವುದು ಹೆಚ್ಚು ಕೆಡುತ್ತದೆ, ಯಾವುದನ್ನು ಸರಿ ಮಾಡಲು ಹೆಚ್ಚು ಹೊತ್ತು ಬೇಕು ಎಂದು ನೋಡಿ ಅದಕ್ಕೆ ಮೊದಲು ಜೋಡಿ ಮಾಡಬೇಕು ಎಂದು ಮಾಮಾ ಹೇಳುತ್ತಾರೆ.

ಎಲ್ಲಕ್ಕಿಂತ ದೊಡ್ಡ ಪಾಠ ಬೇಸಿಗೆಯಲ್ಲಿ ಆಯಿತು. ಒಂದು ದಿನ ಮಾಮಾ ಬಂದು ನೋಡಿದರೆ ಒಂದನೇ ರೂಟರ್ ಸತ್ತು ಬಿದ್ದಿತ್ತು. ಯಾವಾಗ ಸತ್ತಿತೋ ಯಾರಿಗೂ ಗೊತ್ತಿಲ್ಲ! ಎರಡನೆಯದು ಅಷ್ಟು ಸುಮ್ಮನೆ ಕೆಲಸ ಹೊತ್ತುಕೊಂಡಿತ್ತು. ನಾವು ಎರಡಿವೆ ಎಂದು ನಿಶ್ಚಿಂತೆಯಿಂದ ಇದ್ದೆವು, ಆದರೆ ನಡೆದದ್ದು ಒಂದರ ಮೇಲೆ. ಅದೂ ಹೋಗಿದ್ದರೆ ಮತ್ತೆ ಅಕ್ಕನಂತೆ ಯಾರೋ ಒಬ್ಬರು ಒದ್ದೆ ಕಾಗದ ಒರೆಸುತ್ತಾ ಮನೆಗೆ ಹೋಗುತ್ತಿದ್ದರು.

ಅಂದಿನಿಂದ ಒಂದು ಕೆಲಸ ನನ್ನದು. ಸಾಲಿ ಬಿಟ್ಟ ಮೇಲೆ ಸೆಂಟರಿಗೆ ಹೋಗಿ ಎರಡೂ ರೂಟರ್‌ನ ದೀಪ ನೋಡಿ ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆಯುತ್ತೇನೆ. ಪಾಸ್‌ವರ್ಡ್‌ಗಳನ್ನೂ ಕಾಕಾ ಬೇರೊಂದು ವಹಿಯಲ್ಲಿ ಬರೆದು ಬೀಗ ಹಾಕಿ ಇಟ್ಟಿದ್ದಾನೆ. ಪ್ರತಿ ಶನಿವಾರ ಜನ ಕಡಿಮೆ ಇದ್ದಾಗ ಒಂದನೆಯದರ ವೈರ್ ಕೀಳುತ್ತೇನೆ. ಮೂರೂವರೆ ಸೆಕೆಂಡು ಎಣಿಸುತ್ತೇನೆ. ಈಗ ಕೈ ನಡುಗುವುದಿಲ್ಲ.

ಈ ವರ್ಷ ಅಕ್ಕ ಕೊನೆಯ ದಿನಕ್ಕೆ ಕಾಯದೆ ಹತ್ತು ದಿನ ಮೊದಲೇ ಅರ್ಜಿ ಹಾಕಿದಳು. ಅದು ಅವಳು ಕಲಿತ ಪಾಠ. ಅರ್ಜಿ ಹಾಕುವಾಗ ರೂಟರ್ ಕೆಡಲಿಲ್ಲ, ಸಿಡಿಲೂ ಬೀಳಲಿಲ್ಲ. ಕಾಕಾ ಮಾತ್ರ ಅವಳು ಎದ್ದೇಳುವವರೆಗೆ ಎರಡೂ ಡಬ್ಬಿಯ ಮುಂದೆ ಸ್ಟೂಲ್ ಹಾಕಿಕೊಂಡು ಕಾವಲು ಕುಳಿತಿದ್ದ. ಹಾಸ್ಟೆಲ್ ಸಿಕ್ಕಿದೆ. ಅಕ್ಕ ಹೋಗುವ ದಿನ ಅವಳ ಟ್ರಂಕ್ ಹೊತ್ತು ಬಸ್ಸಿಗೆ ಏರಿಸಿದವನು ಕಾಕಾನೇ.

ಕೊನೆಗೆ ಒಂದು ಮಾತು. ಗುರುಗಳು ತಪ್ಪು ತಿಳಿಯಬಾರದು. ನಮ್ಮ ಸಾಲಿಯ ಕಂಪ್ಯೂಟರ್ ಕೋಣೆಯ ಅಲಮಾರಿಯಲ್ಲಿ, ಕೆಳಗಿನ ಖಾನೆಯಲ್ಲಿ, ನಕಾಶೆಗಳ ಹಿಂದೆ, ಹೊಸ ರೂಟರ್ ಒಂದು ಪ್ಲಾಸ್ಟಿಕ್ ಸಮೇತ ಇದೆ. ಕೋಣೆ ಗುಡಿಸುವ ಪಾಳಿ ನಮ್ಮದಿದ್ದಾಗ ನಾನು ನೋಡಿದ್ದೇನೆ. ಹತ್ತನೇ ತರಗತಿಯವರ ಅರ್ಜಿ ತುಂಬುವ ದಿನಗಳು ಹತ್ತಿರ ಬಂದಿವೆ. ಅದನ್ನು ಹೊರಗೆ ತೆಗೆಯಲು ಅಪ್ಪಣೆ ಕೊಟ್ಟರೆ ಮಾಮಾ ಒಂದು ಭಾನುವಾರ ಬರುತ್ತೇನೆ ಎಂದಿದ್ದಾರೆ. ದೀಪ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುವ ಕೆಲಸವನ್ನು ನಾವು ಹುಡುಗಿಯರು ಪಾಳಿ ಹಾಕಿಕೊಂಡು ಮಾಡುತ್ತೇವೆ.

ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿರಿ.

ಇಂತಿ ನಿಮ್ಮ ಗೆಳತಿ,
ಹತ್ತನೇ ತರಗತಿ